ಕಾರ್ಖಾನೆ ಯಾವ ಊರಿಗೆ? ಕೆಲಸ ಯಾವ ಕೇರಿಗೆ?

ಕಾರು ಎಲ್ಲಿ ತಯಾರಾಗಬೇಕು ಅಂತ ದೊಡ್ಡವರ ನಡುವೆ ಜಗಳ ಹತ್ತಿದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ಹೊರದೇಶದಿಂದ ಬರುವ ಕಾರುಗಳ ಮೇಲೆ ಶೇಕಡಾ 25 ಸುಂಕ ಹಾಕಿತು. ಕಾರು ನಮ್ಮ ನೆಲದಲ್ಲೇ ಆಗಬೇಕು, ಕೆಲಸ ನಮ್ಮವರಿಗೇ ಸಿಗಬೇಕು ಅನ್ನೋದು ಅವರ ವಾದ. ನಮ್ಮ ದೇಶದಲ್ಲಿ ಇದೇ ಜಗಳ ರಾಜ್ಯ ರಾಜ್ಯಗಳ ನಡುವೆ. 2008ರ ಅಕ್ಟೋಬರಿನಲ್ಲಿ ಟಾಟಾದವರು ನ್ಯಾನೊ ಕಾರ್ಖಾನೆಯನ್ನು ಬಂಗಾಳದ ಸಿಂಗೂರಿನಿಂದ ಕಿತ್ತುಕೊಂಡು ಹೊರಟರು. ಹೆಣ್ಣು ನೋಡೋಕೆ ಬಂದ ಗಂಡಿನ ಕಡೆಯವರಿಗೆ ಉಪಚಾರ ಮಾಡೋ ಹಾಗೆ ಒಂದೊಂದು ಸರ್ಕಾರವೂ ಜಮೀನು, ನೀರು, ಕರೆಂಟು ತಟ್ಟೆಯಲ್ಲಿಟ್ಟು ನಿಂತಿತು. ಕರ್ನಾಟಕವೂ ಧಾರವಾಡದ ಕಡೆ ಕೈತೋರಿಸಿ ಕರೆಯಿತು. ಅವರು ಗುಜರಾತಿನ ಸಾನಂದಕ್ಕೆ ಹೋದರು. ಹತ್ತು ವರ್ಷ ತುಂಬುವುದರೊಳಗೆ, 2018ರಲ್ಲಿ, ಆ ಕಾರೇ ನಿಂತುಹೋಯಿತು. ಕಿಯಾದವರು ನಮ್ಮ ಗಡಿಯಾಚೆಗೇ ಇರೋ ಆಂಧ್ರದ ಪೆನುಕೊಂಡದಲ್ಲಿ ಕೂತು 2019ರಲ್ಲಿ ಕಾರು ಹೊರಗೆ ಬಿಟ್ಟಾಗ ನಮ್ಮ ಪತ್ರಿಕೆಗಳು ಕೈ ಕೈ ಹಿಸುಕಿಕೊಂಡವು.

ಈ ಜಗಳದಲ್ಲಿ ಎಲ್ಲರದೂ ಎರಡೇ ಲೆಕ್ಕ. ಎಷ್ಟು ಕೋಟಿ ಬಂಡವಾಳ? ಎಷ್ಟು ಸಾವಿರ ಕೆಲಸ? ಯಾವ ಊರಿಗೆ ಅಂತ ಕೇಳ್ತಾರೆ. ಊರು ಅಂದ ಮೇಲೆ ಅದಕ್ಕೊಂದು ಕೇರಿ ಇದೆ ಅನ್ನೋದನ್ನ ಮಾತ್ರ ಮರೀತಾರೆ. ನಾವು ಕೇರಿಯಿಂದ ಬಂದವರು. ಊರಿಗೆ ಬಂದದ್ದೆಲ್ಲ ಕೇರಿಗೆ ಬರೋದಿಲ್ಲ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರಿಗೆ ನಲ್ಲಿ ಬಂದಾಗ ಕೇರಿಗೆ ಬಂದದ್ದು ಕೊಡ ಹಿಡಿದು ಕಾಯೋ ಸಾಲು. ಅದಕ್ಕೇ ನಮ್ಮ ಪ್ರಶ್ನೆ ಬೇರೆ. ಕಾರ್ಖಾನೆ ಯಾವ ರಾಜ್ಯಕ್ಕಾದರೂ ಹೋಗಲಿ, ಒಳಗೆ ಯಾರನ್ನ ಎಲ್ಲಿ ನಿಲ್ಲಿಸ್ತೀರಿ? ಯಂತ್ರ ಬಂದ ದಿನ ಯಾರನ್ನ ಮೊದಲು ಹೊರಗೆ ಹಾಕ್ತೀರಿ?

ಕವಿತೆ ಬರೆಯೋ ಹುಡುಗರಿಗೆ ಕಾರಿನ ಉಸಾಬರಿ ಯಾಕೆ ಅಂತ ಕೆಲವರು ನಗಬಹುದು. ನಗಲಿ. ನಮ್ಮಲ್ಲಿ ಕಾರು ಇರೋರು ಯಾರೂ ಇಲ್ಲ, ನಿಜ. ಆದರೆ ಕಾರು ಮಾಡೋ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲೋರು ನಮ್ಮ ಹಾಸ್ಟೆಲಿನವರೇ.

ಒಂದೇ ನೆಲದ ಮೂರು ಕಥೆ

ಕಾರಿನ ಊರು ಅಂದರೆ ಅಮೆರಿಕದ ಡೆಟ್ರಾಯಿಟ್. ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳು ಹೊಟ್ಟೆಪಾಡಿಗೆ ಅಲ್ಲಿಗೆ ಗುಳೆ ಹೋದರು. ಕೆಲಸ ಸಿಕ್ಕಿತು. ಯಾವ ಕೆಲಸ? ಕಬ್ಬಿಣ ಕರಗಿಸೋ ಫೌಂಡ್ರಿ, ಬಣ್ಣ ಹೊಡೆಯೋ ಜಾಗ. ಬೆಂಕಿ ಮತ್ತು ಹೊಗೆ. ಫೋರ್‌ಮನ್ ಬಿಳಿಯ. ಉಪಕರಣ ಹಿಡಿಯೋ ನುರಿತ ಕೆಲಸ ಬಿಳಿಯನದು.

ಇದು ನಮಗೆ ಗೊತ್ತಿಲ್ಲದ ಕಥೆಯೇನ್ರಪ್ಪ? 1920ರ ದಶಕದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನಮ್ಮವರಿಗೆ ನೇಯ್ಗೆ ವಿಭಾಗದ ಬಾಗಿಲು ಮುಚ್ಚಿತ್ತು. ಲಾಳಿಯ ನೂಲನ್ನು ಬಾಯಿಂದ ಎಳೀಬೇಕು, ನಿಮ್ಮ ಎಂಜಲು ನಮಗೆ ತಗುಲುತ್ತೆ ಅಂತ ನೆಪ. ಹೆಚ್ಚು ಕೂಲಿ ಇದ್ದದ್ದು ನೇಯ್ಗೆಯಲ್ಲೇ. 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಯೂನಿಯನ್ ನಾಯಕರ ಎದುರೇ ಈ ಪ್ರಶ್ನೆ ಇಟ್ಟರು. ಹತ್ತು ವರ್ಷ ಬಿಟ್ಟು, 1938ರಲ್ಲಿ, ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಿಮ್ಮ ಶತ್ರುಗಳು ಅಂತ ಹೇಳಿದರು. ಎರಡೂ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಡೀರಿ ಅಂತ ಹೇಳಲಿಲ್ಲ.

ಡೆಟ್ರಾಯಿಟಿಗೆ ಬರೋಣ. 1947ರಲ್ಲಿ ಫೋರ್ಡ್ ಕಂಪನಿ ಆಟೊಮೇಷನ್‌ಗೆ ಅಂತಲೇ ಒಂದು ವಿಭಾಗ ತೆರೆಯಿತು. ಮನುಷ್ಯ ಎತ್ತಿ ಇಳಿಸಿ ಮಾಡೋದನ್ನ ಯಂತ್ರವೇ ಎತ್ತಿ ಇಳಿಸಿ ಮಾಡೋದು. ಅದೇ ಕಾಲಕ್ಕೆ ಕಂಪನಿಗಳು ನಗರ ಬಿಟ್ಟು ಬಿಳಿಯರ ಬಡಾವಣೆಗಳ ಕಡೆ, ಯೂನಿಯನ್ ಇಲ್ಲದ ರಾಜ್ಯಗಳ ಕಡೆ ಹೊರಟವು. ಯಂತ್ರ ಒಂದು ಕೈ, ಜಾಗ ಬದಲಿಸೋದು ಇನ್ನೊಂದು ಕೈ. ಎರಡೂ ಸೇರಿಸಿ ಹಿಂಡಿದರು. 1947ರಿಂದ 1963ರವರೆಗೆ ಡೆಟ್ರಾಯಿಟ್ ಕಳಕೊಂಡ ಕಾರ್ಖಾನೆ ಕೆಲಸ 1,34,000. ಕೊನೆಗೆ ಸೇರಿಸಿಕೊಂಡವರನ್ನು ಮೊದಲು ತೆಗೆಯೋದು ನಿಯಮ. ಕೊನೆಗೆ ಸೇರಿದವರು ಕಪ್ಪು ಜನ. 1940ರಿಂದ 1968ರವರೆಗೆ ಕ್ರೈಸ್ಲರ್ ಕಾರ್ಖಾನೆಯಲ್ಲಿ ದುಡಿದ ಜೇಮ್ಸ್ ಬಾಗ್ಸ್ ಎಂಬ ಕಪ್ಪು ಕಾರ್ಮಿಕ 1963ರಲ್ಲೇ ಪುಸ್ತಕ ಬರೆದು ಎಚ್ಚರಿಸಿದ: ಈ ಯಂತ್ರಗಳು ಕೆಲಸದ ವ್ಯವಸ್ಥೆಯಿಂದ ಶಾಶ್ವತವಾಗಿ ಹೊರಗುಳಿಯೋ ಒಂದು ಜನವನ್ನೇ ಹುಟ್ಟಿಸುತ್ತವೆ ಅಂತ. ಊರ ಹೊರಗೆ ಹುಟ್ಟಿದ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕೆ?

ಈಗ ಒಂದು ತುಂಡು ನೆಲದ ಕಥೆ ಕೇಳಿ. ಡೆಟ್ರಾಯಿಟಿಗೆ ಅಂಟಿಕೊಂಡಿರೋ ಹ್ಯಾಮ್‌ಟ್ರಾಮಿಕ್‌ನಲ್ಲಿ ಡಾಡ್ಜ್ ಮೇನ್ ಅಂತ ಕ್ರೈಸ್ಲರ್‌ನವರ ದೊಡ್ಡ ಕಾರ್ಖಾನೆ. 1968ರ ಮೇ 2ರಂದು ಲೈನಿನ ವೇಗ ಏರಿಸಿದ್ದರ ವಿರುದ್ಧ ಕಪ್ಪು, ಬಿಳಿ ಕಾರ್ಮಿಕರು ಒಟ್ಟಿಗೇ ಕೆಲಸ ಬಿಟ್ಟು ಹೊರಗೆ ಬಂದರು. ಶಿಕ್ಷೆ ಬಿದ್ದದ್ದು ಮಾತ್ರ ಹೆಚ್ಚಾಗಿ ಕಪ್ಪು ಜನರಿಗೆ. ಜನರಲ್ ಬೇಕರ್ ಎಂಬ ಯುವಕನನ್ನು ಕೆಲಸದಿಂದ ಕಿತ್ತರು. (ಜನರಲ್ ಅನ್ನೋದು ಅವನ ಹೆಸರು, ಹುದ್ದೆ ಅಲ್ಲ.) ಅವನೂ ಗೆಳೆಯರೂ ಸೇರಿ ಡ್ರಮ್ ಎಂಬ ಸಂಘಟನೆ ಕಟ್ಟಿದರು. ಪೂರ್ತಿ ಹೆಸರು ಡಾಡ್ಜ್ ರೆವಲ್ಯೂಷನರಿ ಯೂನಿಯನ್ ಮೂವ್‌ಮೆಂಟ್. ನಮ್ಮ ಹಾಗೇ ಸೈಕ್ಲೋಸ್ಟೈಲ್ ಹಾಳೆ ಮಾಡಿ ಗೇಟಿನಲ್ಲಿ ಹಂಚಿದರು. ಪತ್ರಿಕೆಗಳು ಆಟೊಮೇಷನ್ ಅಂತ ಹೊಗಳೋದೆಲ್ಲ ಸುಳ್ಳು, ಮೂವರು ಬಿಳಿಯರು ಮಾಡ್ತಿದ್ದ ಕೆಲಸವನ್ನು ಒಬ್ಬ ಕಪ್ಪು ಮನುಷ್ಯನ ಕೈಲಿ ಮಾಡಿಸ್ತಿದ್ದಾರೆ ಅಂತ ಬಯಲು ಮಾಡಿದರು. ಕಂಪನಿಯನ್ನು ಮಾತ್ರ ಬೈಯಲಿಲ್ಲ. ಕಪ್ಪು ಜನರ ಚಂದಾ ತಗೊಂಡು ಅವರ ದೂರು ಕೇಳದ ತಮ್ಮದೇ ಯೂನಿಯನ್ನನ್ನೂ ಜಾಡಿಸಿದರು. 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿ 1972ರಲ್ಲಿ ಮುಂಬಯಿಯ ನಮ್ಮ ಅಣ್ಣಂದಿರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡರಲ್ಲ, ಆ ನೆಂಟಸ್ತಿಕೆಯೊಳಗೆ ಕಾರ್ಖಾನೆಯ ಈ ಹುಡುಗರೂ ಸೇರಿದ್ದಾರೆ.

1980ರ ಜನವರಿಯಲ್ಲಿ ಡಾಡ್ಜ್ ಮೇನ್‌ಗೆ ಬೀಗ ಬಿತ್ತು. ಇದು ಮೊದಲ ಕಥೆ.

ಎರಡನೆಯದು: ಜನರಲ್ ಮೋಟಾರ್ಸ್‌ನವರು ಬಂದು, ಹೊಸ ಕಾರ್ಖಾನೆ ಕಟ್ಟುತ್ತೇವೆ, 6,000 ಕೆಲಸ ಕೊಡುತ್ತೇವೆ, ಜಾಗ ಬಿಡಿಸಿಕೊಡಿ ಅಂದರು. ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ ಹೋಗ್ತೀವಿ ಅನ್ನೋ ಬೆದರಿಕೆ. ಡಾಡ್ಜ್ ಮೇನ್‌ನ ನೆಲ ಸಾಲದೆ ಪಕ್ಕದ ಪೋಲ್‌ಟೌನ್ ಬಡಾವಣೆಯನ್ನೂ ಕೇಳಿದರು. ಅಲ್ಲಿದ್ದವರು ಪೋಲಿಷ್ ಮುದುಕರು, ಕಪ್ಪು ಕುಟುಂಬಗಳು, ಸುಮಾರು 4,200 ಜನ. 1981ರಲ್ಲಿ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟು ಇದು ಸಾರ್ವಜನಿಕ ಉಪಯೋಗಕ್ಕೆ ಅಂತ ಒಪ್ಪಿಗೆ ಕೊಟ್ಟಿತು. ಮನೆ, ಅಂಗಡಿ, ಚರ್ಚು ಎಲ್ಲ ನೆಲಸಮ. ಆಗ ಮೇಯರ್ ಕುರ್ಚಿಯಲ್ಲಿದ್ದವನು ಯಾರು? ಕೋಲ್ಮನ್ ಯಂಗ್, ಡೆಟ್ರಾಯಿಟಿನ ಮೊಟ್ಟಮೊದಲ ಕಪ್ಪು ಮೇಯರ್. ಒಂದು ಕಾಲದ ಯೂನಿಯನ್ ಹೋರಾಟಗಾರ. ಗೆಳೆಯರೆ, ಇದನ್ನ ನೆನಪಿಟ್ಟುಕೊಳ್ಳಿ. ನಮ್ಮವನು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಬುಲ್ಡೋಜರ್ ನಮ್ಮ ಮನೆ ಮುಂದೆ ನಿಲ್ಲೋದಿಲ್ಲ ಅಂತ ಖಾತ್ರಿ ಇಲ್ಲ.

1985ರಲ್ಲಿ ಕಾರ್ಖಾನೆ ಶುರುವಾಯಿತು. ಇನ್ನೂರಕ್ಕೂ ಹೆಚ್ಚು ರೋಬಾಟುಗಳನ್ನು ತಂದು ನಿಲ್ಲಿಸಿದ್ದರು. ಬಣ್ಣ ಹೊಡೆಯೋ ರೋಬಾಟುಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಬಳಿದುಕೊಂಡವು ಅಂತ ಆಗ ವರದಿಯಾಯಿತು! ಹೇಳಿದ 6,000 ಕೆಲಸ ವರ್ಷಗಟ್ಟಲೆ ಬರಲೇ ಇಲ್ಲ. 2004ರಲ್ಲಿ ಅದೇ ಕೋರ್ಟು, 1981ರ ತೀರ್ಪು ಸರಿಯಲ್ಲ ಅಂತ ಇನ್ನೊಂದು ಕೇಸಿನಲ್ಲಿ ರದ್ದು ಮಾಡಿತು. ಅಷ್ಟೊತ್ತಿಗೆ ಮನೆಯೂ ಇಲ್ಲ, ಮನೆಯವರೂ ಇಲ್ಲ.

ಮೂರನೆಯ ಕಥೆ: 2020ರಲ್ಲಿ ಅದೇ ಕಾರ್ಖಾನೆಗೆ ಫ್ಯಾಕ್ಟರಿ ಝೀರೊ ಅಂತ ಹೆಸರಿಟ್ಟು ವಿದ್ಯುತ್ ಕಾರಿಗೆ ಒಪ್ಪಿಸಿದರು. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯಿಟಿನ ಜನಸಂಖ್ಯೆ 2020ರಲ್ಲಿ ಸುಮಾರು 6 ಲಕ್ಷ 40 ಸಾವಿರ. ಕಾರ್ಖಾನೆ ಅದೇ ನೆಲದಲ್ಲಿದೆ. ಊರು ಉಳಿಸ್ತೀವಿ ಅಂತ ಹೇಳಿ ಕಟ್ಟಿದ್ದು. ಊರು ಕರಗಿಹೋಯಿತು.

ಯಂತ್ರಕ್ಕೆ ಜಾತಿ ಇಲ್ಲ, ತರುವವನಿಗೆ ಇದೆ

ನಮ್ಮಲ್ಲೇ ಕೆಲವರು ಕೇಳ್ತಾರೆ: ರೋಬಾಟ್ ಒಳ್ಳೇದಲ್ಲವೆ? ಬೆಂಕಿ, ಹೊಗೆ, ಭಾರ ಎಲ್ಲ ಅದು ಹೊರಲಿ. ಅದಕ್ಕೆ ಮೈಲಿಗೆ ಇಲ್ಲ, ಜಾತಿ ಇಲ್ಲ.

ನಾವೂ ಯಂತ್ರದ ವಿರೋಧಿಗಳಲ್ಲ. ಕುಲುಮೆಯ ಮುಂದೆ ಸುಟ್ಟುಕೊಳ್ಳೋದನ್ನ ಹಬ್ಬ ಅಂತ ಹಾಡೋಕೆ ನಾವು ತಯಾರಿಲ್ಲ. ಆದರೆ ಯಂತ್ರ ಎಲ್ಲಿಗೆ ಬರುತ್ತೆ, ಎಲ್ಲಿಗೆ ಬರೋದಿಲ್ಲ ಅನ್ನೋದನ್ನ ಕಣ್ಣು ಬಿಟ್ಟು ನೋಡಿ. ಕಾರು ಕಾರ್ಖಾನೆಯಲ್ಲಿ ತಗಡು ಒತ್ತೋದು, ಬೆಸುಗೆ ಹಾಕೋದು, ಬಣ್ಣ ಹೊಡೆಯೋದು ಹೆಚ್ಚುಕಮ್ಮಿ ಯಂತ್ರದ ಪಾಲಾಗಿದೆ. ಕೊನೆಯ ಜೋಡಣೆ, ವೈರು ಎಳೆಯೋದು, ಸೀಟು ಕೂರಿಸೋದು ಈಗಲೂ ಬಹಳಮಟ್ಟಿಗೆ ಕೈಗೆಲಸ. ಅದನ್ನೂ ಯಂತ್ರಕ್ಕೆ ಕೊಡೋಕೆ ಹೋಗಿ ಟೆಸ್ಲಾದ ಮಸ್ಕ್ ಎಡವಿದ. ಯಂತ್ರ ಅತಿಯಾಯಿತು ಅಂತ 2018ರಲ್ಲಿ ತಾನೇ ಒಪ್ಪಿಕೊಂಡ. ಇನ್ನು ಬಿಡಿಭಾಗ ಮಾಡೋ ಸಣ್ಣ ಶೆಡ್ಡುಗಳನ್ನು ನೋಡಿ. ಗುರುಗ್ರಾಮ, ಮಾನೇಸರದ ಸುತ್ತಿನ ಶೆಡ್ಡುಗಳಲ್ಲಿ ಹಳೇ ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟ ಗುತ್ತಿಗೆ ಹುಡುಗರು ಸಾವಿರಾರು. ಅದೇ ಕಾರು. ದೊಡ್ಡ ಕಾರ್ಖಾನೆಯಲ್ಲಿ ಮನುಷ್ಯ ಹತ್ತಿರ ಬಂದರೆ ನಿಂತುಬಿಡೋ ರೋಬಾಟು, ಶೆಡ್ಡಿನಲ್ಲಿ ಮನುಷ್ಯನ ಬೆರಳು.

ಕಾರಿನ ಬಣ್ಣಕ್ಕೆ ಧೂಳು ತಾಗಬಾರದು ಅಂತ ಗಾಜಿನ ಕೋಣೆಯಲ್ಲಿ ರೋಬಾಟು ನಿಲ್ಲಿಸಿದ ದೇಶದಲ್ಲಿ ಮ್ಯಾನ್‌ಹೋಲಿಗೆ ಮನುಷ್ಯ ಇಳೀತಾನೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು. ಸಾವು ನಿಂತಿಲ್ಲ. ಯಂತ್ರ ಸಿಗೋದಿಲ್ಲವೆ? ಸಿಗುತ್ತೆ. 2018ರಲ್ಲೇ ಕೇರಳದಲ್ಲಿ ಮ್ಯಾನ್‌ಹೋಲ್ ತೊಳೆಯೋ ರೋಬಾಟ್ ಕೆಲಸಕ್ಕೆ ಇಳಿಯಿತು. ಹಾಗಾದರೆ ಯಾಕೆ ಎಲ್ಲ ಕಡೆ ಬರಲಿಲ್ಲ? ಉತ್ತರ ಸುಲಭ. ಮನುಷ್ಯ ದುಬಾರಿಯಾದ ಕಡೆ ಯಂತ್ರ ಓಡಿ ಬರುತ್ತೆ. ಮನುಷ್ಯ ಅಗ್ಗವಾಗಿರೋ ಕಡೆ ಬರೋದಿಲ್ಲ. ನಮ್ಮ ದೇಶದಲ್ಲಿ ಮನುಷ್ಯನನ್ನು ಅಗ್ಗ ಮಾಡೋ ಹಳೇ ಕಾರ್ಖಾನೆ ಒಂದಿದೆ. ಅದರ ಹೆಸರು ಜಾತಿ.

ಆದ್ದರಿಂದ ರೋಬಾಟ್ ನಮ್ಮನ್ನ ಬಿಡಿಸೋಕೆ ಬರ್ತಿಲ್ಲ. ಮುಷ್ಕರ ಹೂಡಬಲ್ಲ, ಸಂಬಳ ಕೇಳಬಲ್ಲ ಕೈಯನ್ನು ತೆಗೆಯೋಕೆ ಬರ್ತಿದೆ. ನಾವು ಹೋರಾಡಿ ಆ ಕೈಗಳ ಸಾಲಿಗೆ ಸೇರೋ ಹೊತ್ತಿಗೆ ಸಾಲೇ ಕರಗ್ತಿದೆ.

ಗೇಟಿನ ಒಳಗೆ

ಕಾರು ಕಾರ್ಖಾನೆ ಆಧುನಿಕ, ಅಲ್ಲಿ ಜಾತಿ ಎಲ್ಲಿಂದ ಬಂತು ಅನ್ನೋರು ಹರಿಯಾಣದ ಮಾನೇಸರಕ್ಕೆ ಹೋಗಿ ಬರಲಿ. ಮಾರುತಿ ಕಾರ್ಖಾನೆ. ಏಳೂವರೆ ನಿಮಿಷದ ಟೀ ವಿರಾಮದಲ್ಲಿ ಟೀಯೂ ಕುಡೀಬೇಕು, ಮೂತ್ರಕ್ಕೂ ಹೋಗಿ ಬರಬೇಕು ಅಂತ ಕಾರ್ಮಿಕರು ಹೇಳಿದ ಜಾಗ. 2012ರ ಜುಲೈ 18ರಂದು ಒಬ್ಬ ದಲಿತ ಕಾರ್ಮಿಕನಿಗೆ ಮೇಲ್ವಿಚಾರಕ ಜಾತಿ ಹಿಡಿದು ಬೈದ, ಎದುರು ಮಾತಾಡಿದ ಕಾರ್ಮಿಕನನ್ನೇ ಅಮಾನತು ಮಾಡಿದರು ಅಂತ ಯೂನಿಯನ್ ಹೇಳಿತು. ಕಂಪನಿ ಇದನ್ನು ಒಪ್ಪಲಿಲ್ಲ. ಅವತ್ತು ಗಲಾಟೆಯಾಗಿ ಬೆಂಕಿ ಬಿತ್ತು, ಒಬ್ಬ ಅಧಿಕಾರಿ ಸತ್ತರು. ಆ ಸಾವನ್ನು ನಾವು ಸಣ್ಣದು ಮಾಡೋದಿಲ್ಲ. ಆದರೆ ಆಮೇಲೆ ಆದದ್ದನ್ನೂ ಲೆಕ್ಕ ಹಾಕಿ. ಐನೂರಕ್ಕೂ ಹೆಚ್ಚು ಕಾಯಂ ಕಾರ್ಮಿಕರು ಕೆಲಸ ಕಳಕೊಂಡರು. 2017ರ ಮಾರ್ಚಿನಲ್ಲಿ ಕೋರ್ಟು 13 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. 117 ಜನರನ್ನು ನಿರ್ದೋಷಿಗಳು ಅಂತ ಬಿಟ್ಟಿತು. ಅವರಲ್ಲಿ ಎಷ್ಟೋ ಜನ ಅಷ್ಟೊತ್ತಿಗೆ ವರ್ಷಗಳನ್ನು ಜೈಲಿನಲ್ಲಿ ಕಳೆದಾಗಿತ್ತು.

ನಮ್ಮ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಯಲ್ಲಿ ವಾಹನ ತಯಾರಿಸೋಕೆ ಶುರು ಮಾಡಿತು. 2020ರ ನವೆಂಬರಿನಲ್ಲಿ ಅಲ್ಲಿ ಧರಣಿ, ಲಾಕೌಟು, ಮುಷ್ಕರ. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು. ಅವರ ದೂರಿನ ತಿರುಳು: ಲೈನಿನ ವೇಗ ಏರ್ತಿದೆ, ಹೊರೆ ತಾಳೋದಕ್ಕೆ ಆಗ್ತಿಲ್ಲ. ಕಂಪನಿ ಒಪ್ಪಲಿಲ್ಲ. 2021ರ ಮಾರ್ಚಿನವರೆಗೆ ಜಗ್ಗಾಟ. 1968ರ ಡೆಟ್ರಾಯಿಟಿನ ದೂರು, 2020ರ ಬಿಡದಿಯ ದೂರು ಎರಡೂ ಒಂದೇ: ಯಂತ್ರದ ವೇಗಕ್ಕೆ ಮನುಷ್ಯನನ್ನು ಕಟ್ಟಿಹಾಕೋದು.

ಗೇಟಿನ ಒಳಗೆ ಹೋದವರ ಪಾಡು ಇದಾದರೆ ಗೇಟಿನ ಹೊರಗಿರೋ ನಮ್ಮದು? ಇಡೀ ರಾಜ್ಯದ ಕೈಗಾರಿಕಾ ಪ್ರದೇಶಗಳಲ್ಲಿ ನಮ್ಮ ಹುಡುಗರನ್ನು ಕೇಳಿ ನೋಡಿ. ಐಟಿಐ ಫಿಟ್ಟರ್ ಓದಿದವನು ಟ್ರೈನಿ. ಟ್ರೈನಿ ಮುಗಿದರೆ ಗುತ್ತಿಗೆ. ಗುತ್ತಿಗೆ ಮುಗಿದರೆ ಮನೆ. ಹೌಸ್‌ಕೀಪಿಂಗ್, ತೋಟ, ಕ್ಯಾಂಟೀನ್ ಪಾತ್ರೆ, ಚರಂಡಿ ಇವುಗಳಲ್ಲಿ ಯಾರಿದ್ದಾರೆ ಅಂತ ಹೆಸರು ಕೇಳಬೇಕಾಗಿಲ್ಲ, ಊರಿನ ಯಾವ ದಿಕ್ಕಿನಿಂದ ಬಂದೆ ಅಂತ ಕೇಳಿದರೆ ಸಾಕು.

ಯಾವ ಕನ್ನಡಿಗ?

2024ರ ಜುಲೈನಲ್ಲಿ ನಮ್ಮ ಸರ್ಕಾರ ಒಂದು ಮಸೂದೆ ತಂದಿತು. ಖಾಸಗಿ ಕಂಪನಿಗಳಲ್ಲಿ ಆಡಳಿತದ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಅಂತ. ಕಂಪನಿಗಳು ಒಂದು ಸಲ ಗದರಿದವು. ಒಂದೇ ದಿನದಲ್ಲಿ ಮಸೂದೆ ಕಪಾಟು ಸೇರಿತು. ಸರೋಜಿನಿ ಮಹಿಷಿ ಸಮಿತಿಯ ಕಾಲದಿಂದ, ಅಂದರೆ 1980ರ ದಶಕದಿಂದ, ಇದೇ ಆಟ.

ಕನ್ನಡಿಗರಿಗೆ ಕೆಲಸ ಅನ್ನೋದಕ್ಕೆ ನಮ್ಮದೂ ಒಂದು ಕೂಗು ಸೇರಿಸೋಣ. ಆದರೆ ಕೇಳೋಣ: ಯಾವ ಕನ್ನಡಿಗನಿಗೆ? ಹೊಲ ಇದ್ದ ಕನ್ನಡಿಗನಿಗೆ ಪರಿಹಾರ, ಮಗನಿಗೆ ಕೆಲಸದ ಭರವಸೆ. ಆ ಹೊಲದಲ್ಲಿ ಕೂಲಿ ಮಾಡಿದ ಕನ್ನಡಿಗನಿಗೆ? ಬಗರ್ ಹುಕುಂ ಸಾಗುವಳಿ ಮಾಡಿ ಹಕ್ಕುಪತ್ರಕ್ಕೆ ಕಾದು ಕೂತ ಕನ್ನಡಿಗನಿಗೆ? 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ ಜಮೀನು ತೆಗೆದುಕೊಳ್ಳೋಕೆ ಬಹಳ ಚುರುಕು. 1978ರಲ್ಲಿ ನಮಗೆ ಮಂಜೂರಾದ ಜಮೀನು ಪರಭಾರೆಯಾಗಬಾರದು ಅಂತ ಬಂದ ಪಿಟಿಸಿಎಲ್ ಕಾಯಿದೆ ಮಾತ್ರ ಕಚೇರಿಯಿಂದ ಕಚೇರಿಗೆ ಕುಂಟುತ್ತೆ. ಸರ್ಕಾರಿ ಕಾರ್ಖಾನೆಗಳಲ್ಲಿ ಮೀಸಲಾತಿ ಇತ್ತು, ಇದೆ. 1991ರ ಮೇಲೆ ಬಂದ ಕಾರು ಕಾರ್ಖಾನೆಗಳೆಲ್ಲ ಖಾಸಗಿ. ಜಮೀನು ಸರ್ಕಾರ ಬಿಡಿಸಿಕೊಡುತ್ತೆ, ರಸ್ತೆ ಸರ್ಕಾರದ್ದು, ರಿಯಾಯಿತಿ ಸರ್ಕಾರದ್ದು. ಮೀಸಲಾತಿ ಅಂದ ತಕ್ಷಣ ನಾವು ಖಾಸಗಿಯವರು ಅಂತಾರೆ!

ಬಂಡವಾಳಕ್ಕೆ ದೇಶ, ಭಾಷೆ ಅಂತ ಪ್ರೀತಿ ಇದೆ ಅಂತ ನಂಬಬೇಡಿ. ಕಾರ್ಖಾನೆ ನಮ್ಮಲ್ಲೇ ಕಟ್ಟಿ ಅಂತ ಕರೆದ ಅಮೆರಿಕವೇ 2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾದಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಕಟ್ಟಿಸ್ತಿದ್ದ ಬ್ಯಾಟರಿ ಕಾರ್ಖಾನೆಗೆ ನುಗ್ಗಿ 475 ಜನರನ್ನು ಹಿಡಿಯಿತು. 300ಕ್ಕೂ ಹೆಚ್ಚು ಜನ ಕೊರಿಯಾದವರು. ಸಂಕೋಲೆ ಬಿಗಿದು ಕರಕೊಂಡು ಹೋದರು. ಬಂಡವಾಳಕ್ಕೆ ಹೂವಿನ ಹಾರ, ಕೈಗೆ ಸಂಕೋಲೆ. ಜಗಳ ಯಾವ ದೇಶದ್ದಾದರೂ ಆಗಲಿ, ಕೊನೆಗೆ ಹೀಗೇ.

ಕೆಂಪು ಬಾವುಟದ ಗೆಳೆಯರಿಗೂ ಒಂದು ಮಾತು. ಕಾರ್ಮಿಕರೆಲ್ಲ ಒಂದೇ ಅಂತ ನೀವು ಹೇಳೋದು ನಮಗೂ ಬೇಕಾದ ಮಾತೇ. ಒಂದಾಗಬೇಕಾದರೆ ಕ್ಯಾಂಟೀನಿನ ಒಂದೇ ಮೇಜು, ಲೈನಿನ ಒಂದೇ ಸ್ಥಾನ, ಯೂನಿಯನ್ನಿನ ಒಂದೇ ಕುರ್ಚಿ ಮೊದಲು ಆಗಲಿ. ಗುತ್ತಿಗೆಯವನ ಹೆಸರು ನಿಮ್ಮ ಸದಸ್ಯರ ಪಟ್ಟಿಯಲ್ಲಿ ಬರಲಿ. ಮುಂದಿನ ಮುಷ್ಕರಕ್ಕೆ ನಾವು ಬಂದೇ ಬರ್ತೀವಿ.

ನಾವು ಕೇಳೋದು

ಒಂದು: ಕಾರ್ಖಾನೆಗೆ ನೆಲ ಗುರುತಿಸಿದ ದಿನವೇ ಆ ನೆಲದ ಕೂಲಿಗಾರರ, ಬಗರ್ ಹುಕುಂ ಸಾಗುವಳಿದಾರರ ಪಟ್ಟಿ ಆಗಬೇಕು. ಪಹಣಿಯಲ್ಲಿ ಹೆಸರಿಲ್ಲದವನಿಗೂ ಪರಿಹಾರ.

ಎರಡು: ಸರ್ಕಾರದ ಜಮೀನು, ನೀರು, ರಿಯಾಯಿತಿ ಮುಟ್ಟಿದ ಪ್ರತಿ ಕಾರ್ಖಾನೆಯಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾತಿ. ಬೆಸುಗೆ, ಬಣ್ಣ, ಜೋಡಣೆ, ರೋಬಾಟ್ ರಿಪೇರಿ, ಕಸಗುಡಿಸೋದು, ಯಾವುದರಲ್ಲಿ ಯಾರೆಷ್ಟು ಜನ ಅಂತ ವರ್ಷಕ್ಕೊಮ್ಮೆ ಗೇಟಿಗೆ ಅಂಟಿಸಬೇಕು.

ಮೂರು: ವರ್ಷವಿಡೀ ಓಡೋ ಲೈನಿನಲ್ಲಿ ಗುತ್ತಿಗೆ ಬೇಡ. ಯಂತ್ರ ತರೋ ಮುಂಚೆ ಅಲ್ಲಿರೋ ಕಾರ್ಮಿಕನಿಗೆ ಆ ಯಂತ್ರ ಕಲಿಸಬೇಕು.

ನಾಲ್ಕು: ನಮ್ಮ ಹೋಬಳಿ, ತಾಲ್ಲೂಕುಗಳ ಐಟಿಐಗಳಿಗೆ ಈಗಿನ ಯಂತ್ರ ಬರಬೇಕು. ಹಳೇ ಲೇತಿನ ಮೇಲೆ ಕಲಿತವನನ್ನು ರೋಬಾಟಿನ ಮುಂದೆ ನಿಲ್ಲಿಸಿ ಅರ್ಹತೆ ಇಲ್ಲ ಅನ್ನೋದು ಹೊಸ ಬಗೆಯ ಅಸ್ಪೃಶ್ಯತೆ.

ಐದು: ಕಾರಿನ ಬಾಗಿಲಿಗೆ ರೋಬಾಟ್ ತರೋಕೆ ರಿಯಾಯಿತಿ ಕೊಡೋ ಸರ್ಕಾರ ಮೊದಲು ಮ್ಯಾನ್‌ಹೋಲಿಗೆ ರೋಬಾಟ್ ತರಲಿ.

ಇವುಗಳಲ್ಲಿ ಒಂದೂ ತಾನಾಗಿ ಬರೋದಿಲ್ಲ. ಅದಕ್ಕೆ ಹಾಸ್ಟೆಲಿನಿಂದಲೇ ಶುರು ಮಾಡೋಣ. ರಜೆಗೆ ಊರಿಗೆ ಹೋದಾಗ ಹತ್ತಿರದ ಕೈಗಾರಿಕಾ ಪ್ರದೇಶಕ್ಕೆ ಒಂದು ಸಲ ಹೋಗಿ ಬನ್ನಿ. ಗೇಟಿನ ಮುಂದೆ ನಿಂತು ಪಾಳಿ ಬಿಟ್ಟು ಬರೋರನ್ನ ಕೇಳಿ: ನೀವು ಯಾವ ಕೆಲಸ, ಕಾಯಮ್ಮೋ ಗುತ್ತಿಗೆಯೋ, ಯಾವ ಕೇರಿ? ಬರೆದುಕೊಳ್ಳಿ. ಆ ನೆಲದಲ್ಲಿ ಮೊದಲು ಯಾರು ಉಳ್ತಿದ್ದರು, ಯಾರು ಕೂಲಿ ಮಾಡ್ತಿದ್ದರು ಅಂತ ಮುದುಕರನ್ನ ಕೇಳಿ. ಅದನ್ನೂ ಬರೆದುಕೊಳ್ಳಿ. ಮುಂದಿನ ಸಭೆಗೆ ತನ್ನಿ. ಡೆಟ್ರಾಯಿಟಿನ ಹುಡುಗರು ಒಂದು ಸೈಕ್ಲೋಸ್ಟೈಲ್ ಹಾಳೆ ಹಿಡಿದು ಕ್ರೈಸ್ಲರ್ ಕಂಪನಿಯ ಗೇಟಿನಲ್ಲಿ ನಿಂತರು. ನಮ್ಮ ಕೈಯಲ್ಲೂ ಒಂದು ಹಾಳೆ ಇದೆ. ಓದಿ ಮಡಚಿ ಟ್ರಂಕಿನಲ್ಲಿ ಇಡಬೇಡಿ. ಪಕ್ಕದ ಕೋಣೆಗೆ ಕೊಡಿ.

ಜೈ ಭೀಮ್.